ಕಿಂದರಿಜೋಗಿಯ ಹಿಂದೆ ಹೋದ ಲಂಡನ್ ಮಕ್ಕಳು

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಯಾರಿಗೆ ನೆನಪಿಲ್ಲ ಹೇಳಿ? ಊರಿನ ಮಕ್ಕಳೆಲ್ಲಾ ಜೋಗಿಯ ಹಿಂದೆ ಹೊರಟುಹೋಗ್ತಾರೆ. ಅದಕ್ಕೆ ಮೂಲ ರಾಬರ್ಟ್ ಬ್ರೌನಿಂಗ್ ಬರೆದ ಪೈಡ್ ಪೈಪರ್ ಪದ್ಯ. 1939ರಲ್ಲಿ ಬ್ರಿಟಿಷ್ ಸರ್ಕಾರ ನಗರದ ಮಕ್ಕಳನ್ನ ಬಾಂಬ್ ದಾಳಿಯಿಂದ ಉಳಿಸೋಕೆ ಹಳ್ಳಿಗೆ ಕಳಿಸ್ತು. ಆ ಯೋಜನೆಗೆ ಇಟ್ಟ ಹೆಸರೂ ಅದೇ: ಆಪರೇಷನ್ ಪೈಡ್ ಪೈಪರ್. ಕಥೆಯಲ್ಲಿ ಹಾಗೆ ಹೋದ ಮಕ್ಕಳು ವಾಪಸ್ ಬರಲ್ಲ ಅನ್ನೋದು ಹೆಸರಿಟ್ಟವರಿಗೆ ಹೊಳೀಲಿಲ್ವೋ ಏನೋ.

ಸೆಪ್ಟೆಂಬರ್ 1ಕ್ಕೆ ಶುರುವಾಯ್ತು. ಮೂರೇ ದಿನದಲ್ಲಿ ಸುಮಾರು 15 ಲಕ್ಷ ಜನ ಊರು ಬಿಟ್ಟರು. ಅವರಲ್ಲಿ 8 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳು, ಅಪ್ಪ ಅಮ್ಮ ಇಲ್ಲದೆ. ಕೋಟಿಗೆ ಹೆಸರಿನ ಚೀಟಿ, ಹೆಗಲಿಗೆ ಗ್ಯಾಸ್ ಮಾಸ್ಕ್. ಎಷ್ಟೋ ಹಳ್ಳಿಗಳಲ್ಲಿ ಮಕ್ಕಳನ್ನ ಒಂದು ಹಾಲ್‌ನಲ್ಲಿ ನಿಲ್ಲಿಸ್ತಿದ್ರು, ಜನ ಬಂದು ತಮಗೆ ಬೇಕಾದವರನ್ನ ಆರಿಸ್ಕೊಂಡು ಹೋಗ್ತಿದ್ರು. ಕೊನೇವರೆಗೂ ಯಾರೂ ಆರಿಸದೇ ಉಳಿದ ಮಗು ತನ್ನ ಬಗ್ಗೆ ಏನಂದ್ಕೊಂಡಿರುತ್ತೆ, ಯೋಚನೆ ಮಾಡಿ.

ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕ ನೋಡೋ ಅಭ್ಯಾಸ. ಒಂದು ಮಗು ಇಟ್ಕೊಂಡವರಿಗೆ ಸರ್ಕಾರ ವಾರಕ್ಕೆ 10 ಶಿಲಿಂಗ್ 6 ಪೆನ್ಸ್ ಕೊಡ್ತಿತ್ತು. ಊಟ, ಹಾಸಿಗೆಯ ಖರ್ಚು ಲೆಕ್ಕಕ್ಕೆ ಬಂತು. ಮನಸ್ಸಿನ ಖರ್ಚು ಯಾವ ಪುಸ್ತಕದಲ್ಲೂ ಬರಲಿಲ್ಲ.

ಅದೇ ಡಿಸೆಂಬರ್‌ನಲ್ಲಿ ಜಾನ್ ಬೌಲ್ಬಿ, ಡೊನಾಲ್ಡ್ ವಿನಿಕಾಟ್, ಇಮ್ಯಾನುಯೆಲ್ ಮಿಲ್ಲರ್ ಅನ್ನೋ ಮೂವರು ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಪತ್ರ ಬರೆದರು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನ ತಾಯಿಯಿಂದ ಬೇರೆ ಮಾಡಿದ್ರೆ ಮುಂದೆ ಬಾಲಾಪರಾಧ ಹೆಚ್ಚಬಹುದು ಅನ್ನೋದು ಅವರ ಎಚ್ಚರಿಕೆ.

ಬೌಲ್ಬಿ ಹತ್ರ ಯುದ್ಧಕ್ಕೂ ಮೊದಲೇ ಸೇರಿಸಿಟ್ಟ ಮಾಹಿತಿ ಇತ್ತು. 1944ರಲ್ಲಿ ಪ್ರಕಟಿಸಿದರು. ಕಳ್ಳತನ ಮಾಡಿದ್ದ 44 ಮಕ್ಕಳು, ಅವರಲ್ಲಿ 14 ಮಂದಿಗೆ ಯಾರ ಮೇಲೂ ಪ್ರೀತಿ, ಮಮತೆ ಇರಲಿಲ್ಲ. ಆ 14ರಲ್ಲಿ 12 ಮಂದಿ ಚಿಕ್ಕಂದಿನಲ್ಲೇ ತಾಯಿಯಿಂದ ದೀರ್ಘಕಾಲ ದೂರ ಇದ್ದವರು. ಹೋಲಿಕೆಗೆ ತಗೊಂಡ, ಕಳ್ಳತನ ಮಾಡದ 44 ಮಕ್ಕಳಲ್ಲಿ ಅಂಥವರು ಬರೀ 2.

ಹಾಗಂತ ದೂರ ಇದ್ದವರೆಲ್ಲಾ ಕೆಡ್ತಾರೆ ಅಂತಲ್ಲ. ಇದು ಒಂದು ಕ್ಲಿನಿಕ್ಕಿನ ಸಣ್ಣ ಅಧ್ಯಯನ. ಮೈಕೆಲ್ ರಟ್ಟರ್ 1972ರಲ್ಲಿ ಇದನ್ನೇ ಮತ್ತೆ ಪರಿಶೀಲಿಸಿದರು. ಕಾಯಿಲೆಗೋ ರಜೆಗೋ ದೂರ ಹೋದ ಮಕ್ಕಳಿಗಿಂತ, ಮನೆ ಜಗಳದಿಂದ ಅಪ್ಪ ಅಮ್ಮನ ಬಿಟ್ಟ ಮಕ್ಕಳಲ್ಲೇ ಒರಟು ನಡವಳಿಕೆ ಹೆಚ್ಚು ಅಂತ ತೋರಿಸಿದರು. ಅಂದ್ರೆ ಯಾಕೆ ದೂರ ಆದರು ಅನ್ನೋದು ಮುಖ್ಯ.

ಬೌಲ್ಬಿ 1973ರಲ್ಲಿ ಅಗಲಿಕೆ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲೇ ಆತಂಕದ ಜೊತೆ ಸಿಟ್ಟೂ ಇದೆ. ಹೆತ್ತವರಿಗೇ ಬೇಡವಾದೆ ಅಂದ್ಕೊಂಡ ಮಗು, ಯಾರಿಗೂ ಬೇಡದವನು ನಾನು ಅಂತ ನಂಬಿಬಿಡಬಹುದು ಅಂತಾರೆ ಅವರು. ಹೊರಗೆ ಕಾಣೋ ಸಿಟ್ಟಿನ ಕೆಳಗೆ ಎಷ್ಟೋ ಸಲ ಇರೋದು ಈ ನಂಬಿಕೆ.

ನನ್ನದೂ ಒಂದು ಮಾತು. ಒಂದರಿಂದ ಐದನೇ ಕ್ಲಾಸ್ ತನಕ ನಾನು ಅಜ್ಜಿ ಮನೇಲಿದ್ದೆ. ತಮ್ಮ ಮಾತ್ರ ಅಪ್ಪ ಅಮ್ಮನ ಜೊತೆ ಬೆಂಗಳೂರಲ್ಲಿ. ಅಜ್ಜಿ ಪ್ರೀತಿಗೇನೂ ಕಮ್ಮಿ ಮಾಡಲಿಲ್ಲ. ಆದ್ರೂ ಕಾಲೇಜಿಗೆ ಬರೋ ಹೊತ್ತಿಗೆ ಸಣ್ಣ ಮಾತಿಗೂ ಜಗಳಕ್ಕೆ ನಿಲ್ತಿದ್ದೆ. ಹೋದ ವರ್ಷ ಅಮ್ಮನ್ನ ಕೇಳೇಬಿಟ್ಟೆ, ನನ್ನನ್ನೇ ಯಾಕೆ ಬಿಟ್ರಿ ಅಂತ. "ಒಂದೇ ರೂಮು ಕಣೋ. ತಮ್ಮ ಇನ್ನೂ ಎದೆಹಾಲು ಕುಡೀತಿದ್ದ" ಅಂದ್ರು. ಅಷ್ಟೇ. ಅಷ್ಟು ವರ್ಷ ನಾನೇ ಬೇರೆ ಉತ್ತರ ಬರ್ಕೊಂಡಿದ್ದೆ.

ನಿಮ್ಮ ಮನೆ ಮಗುವೂ ಹಾಸ್ಟೆಲ್‌ನಲ್ಲೋ ನೆಂಟರ ಮನೇಲೋ ಇದ್ರೆ, ಯಾಕೆ ಅಂತ ಅದಕ್ಕೆ ಬಿಡಿಸಿ ಹೇಳಿ. ಯಾವಾಗ ಬರ್ತೀವಿ ಅನ್ನೋದನ್ನೂ ಹೇಳಿ, ಹೇಳಿದ ದಿನ ಹೋಗಿ. ಮುಂದಿನ ಸಂಚಿಕೇಲಿ ಸಿಗೋಣ.