ಹರ್ಷೆಲನ ಕೈಕೆಲಸವೂ ನಕ್ಷತ್ರವ್ಯಸನವೂ

ವ್ಯಸನವೆಂಬ ಪದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಒಳ್ಳೆಯ ಹೆಸರಿಲ್ಲ. ಕಾಮಜನ್ಯವಾದ ಹತ್ತು ವ್ಯಸನಗಳನ್ನು ಎಣಿಸುವಾಗ ಮನುವು ಬೇಟೆ ಜೂಜುಗಳ ಸಾಲಿನಲ್ಲಿಯೇ ತೌರ್ಯತ್ರಿಕವನ್ನು, ಎಂದರೆ ಗೀತ ನೃತ್ಯ ವಾದ್ಯಗಳನ್ನು, ಸೇರಿಸಿದ್ದಾನೆ. ನಕ್ಷತ್ರಗಳಿಂದ ಹೊಟ್ಟೆ ಹೊರೆಯುವವನನ್ನು ಶ್ರಾದ್ಧದ ಪಂಕ್ತಿಗೆ ಕರೆಯಕೂಡದೆಂಬುದೂ ಆತನದೇ ವಿಧಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಎರಡು ಮಾತುಗಳನ್ನೂ ತಲೆಕೆಳಗು ಮಾಡಿದ ಪುರುಷನೊಬ್ಬನಿದ್ದನು. ವಿಲಿಯಂ ಹರ್ಷೆಲನಿಗೆ ವಾದ್ಯವೇ ಹೊಟ್ಟೆಪಾಡು, ನಕ್ಷತ್ರವೇ ವ್ಯಸನ. ಯುರೇನಸ್ ಗ್ರಹವನ್ನು ಕಂಡುಹಿಡಿದವನೆಂದು ಆತನ ಹೆಸರು ಶಾಲೆಯ ಹುಡುಗರಿಗೂ ಗೊತ್ತು. ಆದರೆ ಆ ವ್ಯಸನದ ವೆಚ್ಚವನ್ನು ಆತನು ಹೇಗೆ ತೂಗಿಸಿದನು, ಅದಕ್ಕಾಗಿ ಏನನ್ನು ತೆತ್ತನು ಎಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಹರ್ಷೆಲನು 1738ರಲ್ಲಿ ಜರ್ಮನಿಯ ಹನೋವರಿನಲ್ಲಿ ಹುಟ್ಟಿದನು. ತಂದೆಯು ಸೈನ್ಯದ ವಾದ್ಯಗಾರ. 1757ರಲ್ಲಿ ಇಂಗ್ಲೆಂಡಿಗೆ ಬಂದ ಮಗನು ಮೊದಮೊದಲು ಸಂಗೀತದ ಪ್ರತಿಗಳನ್ನು ನಕಲು ಮಾಡಿಕೊಟ್ಟು ಜೀವಿಸಿದನು. 1766ರಲ್ಲಿ ಬಾತ್ ಪಟ್ಟಣದ ಆಕ್ಟಗನ್ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ವಾದಕನಾದನು. ಆ ಕೆಲಸವಲ್ಲದೆ ವಾರಕ್ಕೆ ಮೂವತ್ತಕ್ಕೂ ಹೆಚ್ಚು ಸಂಗೀತಪಾಠಗಳನ್ನು ಹೇಳುವುದೂ ಇತ್ತು. 1772ರಲ್ಲಿ ತಂಗಿಯಾದ ಕ್ಯಾರೊಲೈನಳನ್ನು ಹಾಡುಗಾರಿಕೆ ಕಲಿಸುವೆನೆಂದು ಕರೆತಂದನು. ಆಕೆಯು ಕಲಿಯಬೇಕಾಗಿ ಬಂದದ್ದು ಬೇರೆಯೇ ವಿದ್ಯೆ.

1773ರಲ್ಲಿ ಜೇಮ್ಸ್ ಫರ್ಗ್ಯುಸನನ ಖಗೋಳಗ್ರಂಥವೊಂದನ್ನು ಕೊಂಡು ಓದಿದ ಮೇಲೆ ಹರ್ಷೆಲನಿಗೆ ಪುಸ್ತಕದಲ್ಲಿದ್ದುದನ್ನೆಲ್ಲ ಕಣ್ಣಾರೆ ನೋಡಬೇಕೆಂಬ ಹಂಬಲ ಹುಟ್ಟಿತು. ಬಾಡಿಗೆಗೆ ತಂದ ಎರಡಡಿಯ ದೂರದರ್ಶಕವು ಸಾಲಲಿಲ್ಲ. ದೊಡ್ಡ ಕನ್ನಡಿಗಾಗಿ ಲಂಡನ್ನಿಗೆ ಬರೆದರೆ, ಅಷ್ಟು ದೊಡ್ಡದು ಸಿದ್ಧವಿಲ್ಲ, ಬೇಕಾದರೆ ಮಾಡಿಕೊಡುವವನೊಬ್ಬನಿದ್ದಾನೆ ಎಂದು ಉತ್ತರ ಬಂದಿತು. ಹೇಳಿದ ಬೆಲೆಯಾದರೋ ಸಂಗೀತದ ಮೇಷ್ಟ್ರ ಕೈಗೆ ಎಟುಕುವುದಲ್ಲ. ಬಾತಿನಲ್ಲಿಯೇ ಕನ್ನಡಿ ಉಜ್ಜುವ ಹವ್ಯಾಸವನ್ನು ಇಟ್ಟುಕೊಂಡು ಬೇಸತ್ತಿದ್ದ ಕ್ವೇಕರ್ ಪಂಥದವನೊಬ್ಬನಿದ್ದನು. ಅವನ ಸಲಕರಣೆಗಳನ್ನೂ ಅರೆಮುಗಿದ ಕನ್ನಡಿಗಳನ್ನೂ ಕೊಂಡು ಹರ್ಷೆಲನು ತಾನೇ ಕೆಲಸಕ್ಕೆ ಕೈಹಾಕಿದನು. ಒಬ್ಬನ ಹವ್ಯಾಸದ ಉಚ್ಛಿಷ್ಟವು ಮತ್ತೊಬ್ಬನಿಗೆ ಮೂಲಧನವಾಯಿತೆನ್ನಬಹುದು.

ಈ ಕನ್ನಡಿಗಳು ಗಾಜಿನವಲ್ಲ. ತಾಮ್ರಕ್ಕೆ ತವರವನ್ನು ಧಾರಾಳವಾಗಿ ಬೆರೆಸಿ ಎರಕ ಹೊಯ್ದ ಬಿಳಿಯ ಲೋಹದವು. ಕೇರಳದ ಆರನ್ಮುಳದ ಕನ್ನಡಿಯನ್ನು ನೋಡಿದವರಿಗೆ ಈ ಲೋಹದ ಗುಣವು ತಿಳಿದೇ ಇರುತ್ತದೆ: ಹೊಳಪು ಅಪೂರ್ವ, ಆದರೆ ಗಾಜಿನಂತೆ ಬಿರುಸು; ಬಿದ್ದರೆ ಒಡೆಯುವುದು. ಎರಕವಾದ ಮೇಲೆ ಅದನ್ನು ತಗ್ಗಾಗಿ ಅರೆದು, ಕಪ್ಪು ಕೀಲಿನ ಪದರದ ಮೇಲೆ ಉಜ್ಜಿ ನಯಗೊಳಿಸಬೇಕು. ಉಜ್ಜುವಾಗ ನಡುವೆ ನಿಲ್ಲಿಸಿದರೆ ಆಕಾರ ಕೆಡುತ್ತದೆ. ಏಳಡಿಯ ದೂರದರ್ಶಕದ ಕನ್ನಡಿಯೊಂದನ್ನು ಮುಗಿಸುವಾಗ ಅಣ್ಣನು ಹದಿನಾರು ಗಂಟೆಗಳ ಕಾಲ ಕೈ ತೆಗೆಯಲೇ ಇಲ್ಲವೆಂದೂ, ತಾನು ತುತ್ತುತುತ್ತಾಗಿ ಬಾಯಿಗಿಟ್ಟು ಉಣ್ಣಿಸಿದೆನೆಂದೂ, ಬೇಸರ ಕಳೆಯಲು ಅರೇಬಿಯದ ಇರುಳಿನ ಕಥೆಗಳನ್ನು ಓದಿ ಹೇಳುತ್ತಿದ್ದೆನೆಂದೂ ಕ್ಯಾರೊಲೈನಳು ಬರೆದಿಟ್ಟಿದ್ದಾಳೆ. ಅಚ್ಚಿನ ಮಣ್ಣಿಗೆ ಕುದುರೆಯ ಲದ್ದಿಯನ್ನು ಒರಳಲ್ಲಿ ಕುಟ್ಟಿ ಜರಡಿ ಹಿಡಿಯುವ ಕೆಲಸವೂ ಆಕೆಯ ಪಾಲಿಗೆ ಬಂದಿತ್ತು. ಮತ್ತೊಬ್ಬ ಸಹೋದರನಾದ ಅಲೆಕ್ಸಾಂಡರನು ಕಡಚಲು ಕೆಲಸದಲ್ಲಿ ನಿಪುಣ. ಹೀಗೆ ವಾದ್ಯಗಾರರ ಮನೆಯು ಕಮ್ಮಟವಾಯಿತು. ಕಚೇರಿಯಿಂದ ಬಂದ ಅಣ್ಣನು ಉಡುಪನ್ನೂ ಬದಲಿಸದೆ ಕೆಲಸಕ್ಕೆ ಕೂತು ಕೈತೋಳಿನ ಜಾಲರಿಗಳನ್ನು ಹರಿದುಕೊಳ್ಳುತ್ತಿದ್ದನೆಂದು ಆಕೆಗೆ ಒಂದು ಸಣ್ಣ ಕೊರಗು.

1781ರ ಮಾರ್ಚಿ 13ರ ರಾತ್ರಿ, ನ್ಯೂ ಕಿಂಗ್ ಬೀದಿಯ 19ನೆಯ ಮನೆಯ ಹಿತ್ತಲಿನಲ್ಲಿ, ಸ್ವಹಸ್ತದಿಂದ ಮಾಡಿದ ಏಳಡಿಯ ದೂರದರ್ಶಕದಲ್ಲಿ ಆತನಿಗೆ ಹೊಸ ಗ್ರಹವು ಕಾಣಿಸಿತು. ಮೊದಲು ಅದನ್ನು ಧೂಮಕೇತುವೆಂದೇ ಎಣಿಸಿದ್ದನು. ಅದೇ ವರ್ಷ ಆಗಸ್ಟಿನಲ್ಲಿ ಮೂರಡಿ ಅಗಲದ ಕನ್ನಡಿಯನ್ನು ಹೊಯ್ಯಲು ಹೋಗಿ ಮೊದಲನೆಯ ಸಲ ಎರಕವು ಬಿರಿಯಿತು. ಎರಡನೆಯ ಸಲ ಕುಲುಮೆಯು ಸೋರಿ ಕಾದ ಲೋಹವು ನೆಲಕ್ಕೆ ಹರಿದು, ಹಾಸುಗಲ್ಲುಗಳು ಸಿಡಿದು ಸೂರಿನವರೆಗೆ ಹಾರಿದವು. ಮನೆಯವರು ಪ್ರಾಣ ಉಳಿಸಿಕೊಂಡದ್ದೇ ಹೆಚ್ಚು.

1782ರಲ್ಲಿ ಮೂರನೆಯ ಜಾರ್ಜ್ ದೊರೆಯು ವರ್ಷಕ್ಕೆ 200 ಪೌಂಡುಗಳ ವೇತನವನ್ನು ಗೊತ್ತುಮಾಡಿದನು. ಬಾತಿನಲ್ಲಿ ಸಂಗೀತದಿಂದ ಬರುತ್ತಿದ್ದುದಕ್ಕಿಂತ ಇದು ಕಡಮೆ. ರಾಜಾಶ್ರಯ ದೊರೆತೊಡನೆ ಬಡತನ ಹೋಯಿತೆಂದು ಕಥೆ ಹೇಳುವವರು ಈ ಲೆಕ್ಕವನ್ನು ನೋಡುವುದಿಲ್ಲ. ಸಂಗೀತವನ್ನು ಬಿಟ್ಟ ಹರ್ಷೆಲನಿಗೆ ಉಳಿದ ದಾರಿಯೆಂದರೆ ತನ್ನ ಕೈಕಸಬನ್ನು ಮಾರುವುದು. ಏಳಡಿಯ ದೂರದರ್ಶಕವೊಂದಕ್ಕೆ ಬೆಲೆ 100 ಗಿನಿ, ಎಂದರೆ 105 ಪೌಂಡು. ಎರಡು ಮಾರಿದರೆ ದೊರೆಯ ಒಂದು ವರ್ಷದ ವೇತನವನ್ನು ಮೀರುವುದು. ದೊರೆಗಳೂ ಶ್ರೀಮಂತರೂ ಗಿರಾಕಿಗಳಾದರು. ಸ್ಪೇನಿನ ಅರಸನಿಗಾಗಿ ಮಾಡಿದ ಇಪ್ಪತ್ತೈದು ಅಡಿಯ ಯಂತ್ರಕ್ಕೆ 3,150 ಪೌಂಡು ಬಂದಿತು. ಅದು 1802ರಲ್ಲಿ ಮ್ಯಾಡ್ರಿಡನ್ನು ಮುಟ್ಟಿತು, 1808ರಲ್ಲಿ ನೆಪೋಲಿಯನನ ಸೈನಿಕರ ಕೈಯಲ್ಲಿ ಹಾಳಾಯಿತು. 1795ರ ವೇಳೆಗೆ ತಾನು ಏಳಡಿಯವಕ್ಕೆ 200, ಹತ್ತಡಿಯವಕ್ಕೆ 150, ಇಪ್ಪತ್ತಡಿಯವಕ್ಕೆ ಸುಮಾರು 80 ಕನ್ನಡಿಗಳನ್ನು ಮಾಡಿದ್ದೆನೆಂದು ಆತನೇ ಲೆಕ್ಕ ಕೊಟ್ಟಿದ್ದಾನೆ. ಇವೆಲ್ಲವೂ ಮಾರಾಟವಾದವಲ್ಲ, ಹಲವನ್ನು ಮಾಡಿ, ಅವುಗಳಲ್ಲಿ ಉತ್ತಮವಾದುದನ್ನು ತನಗೆಂದು ಇಟ್ಟುಕೊಳ್ಳುವುದು ಆತನ ಪದ್ಧತಿ.

ಈ ವ್ಯಾಪಾರಕ್ಕೆ ತೆತ್ತ ಬೆಲೆಯಲ್ಲಿ ಮೊದಲನೆಯದು ಕಾಲ. ನೋಡುವುದಕ್ಕಾಗಿ ಮಾರಬೇಕು, ಮಾರುವುದಕ್ಕಾಗಿ ನೋಡುವುದನ್ನು ಬಿಟ್ಟು ಉಜ್ಜಬೇಕು. ತಂಗಿಯು ಇದನ್ನು ಕಂಡು ಮರುಗಿದಳು. 1786ರಲ್ಲಿ ದೊರೆಯ ಕಾಣಿಕೆಯಾದ ದೂರದರ್ಶಕವೊಂದನ್ನು ಗಾಟಿಂಗನ್ನಿಗೆ ಒಪ್ಪಿಸಲು ಅಣ್ಣಂದಿರಿಬ್ಬರೂ ಹೊರಟುಹೋದರು. ಆಗಸ್ಟ್ 1ರಂದು, ಅವರು ಊರಿನಲ್ಲಿಲ್ಲದಾಗ, ಕ್ಯಾರೊಲೈನಳು ತನ್ನ ಸಣ್ಣ ಯಂತ್ರದಿಂದ ಮೊದಲನೆಯ ಧೂಮಕೇತುವನ್ನು ಕಂಡಳು. ಮುಂದಿನ ವರ್ಷ ಆಕೆಗೂ ವರ್ಷಕ್ಕೆ 50 ಪೌಂಡು ಗೊತ್ತಾಯಿತು. ನಲವತ್ತಡಿಯ ಮಹಾಯಂತ್ರಕ್ಕೆ ದೊರೆಯು 4,000 ಪೌಂಡು ಕೊಟ್ಟದ್ದೂ, 1788ರಲ್ಲಿ ಹರ್ಷೆಲನು ಅನುಕೂಲಸ್ಥೆಯಾದ ವಿಧವೆಯೊಬ್ಬಳನ್ನು ವಿವಾಹವಾದದ್ದೂ ಕೈಯ ಬಿಗಿಯನ್ನು ಸಡಿಲಿಸಿದವು. ಆದರೂ ಆ ಮಹಾಯಂತ್ರಕ್ಕಿಂತ ಇಪ್ಪತ್ತಡಿಯದೇ ಆತನಿಗೆ ಹೆಚ್ಚು ಉಪಯೋಗಕ್ಕೆ ಬಂದಿತು. ಸುಮಾರು 2,500 ನೀಹಾರಿಕೆಗಳನ್ನೂ ತಾರಾಗುಚ್ಛಗಳನ್ನೂ ಪಟ್ಟಿಮಾಡಿದ್ದು ಅದರಿಂದ.

ಎರಡನೆಯ ಬೆಲೆಯು ನನಗೆ ಹೆಚ್ಚು ಭಾರವಾಗಿ ತೋರುತ್ತದೆ. ಆಕಾಶದಲ್ಲಿ ಕಂಡುದನ್ನೆಲ್ಲ ರಾಯಲ್ ಸೊಸೈಟಿಯ ಮುಂದೆ ಧಾರಾಳವಾಗಿ ಒಪ್ಪಿಸಿದ ಈ ಮಹಾನುಭಾವನು ಕನ್ನಡಿ ಉಜ್ಜುವ ರಹಸ್ಯವನ್ನು ಮಾತ್ರ ಅಚ್ಚುಮಾಡಿಸಲೇ ಇಲ್ಲ. ಅದೇ ಜೀವನಾಧಾರವಾಗಿದ್ದಾಗ ಅನ್ಯಥಾ ಮಾಡುವುದು ಕಷ್ಟವೆಂದು ಒಪ್ಪಬೇಕು. ನಮ್ಮ ಕಂಚುಗಾರರ ಮನೆಗಳಲ್ಲಿಯೂ ಹದವನ್ನು ಅಳಿಯನಿಗೆ ಹೇಳದೆ ಮಗನಿಗೆ ಮಾತ್ರ ಹೇಳಿಕೊಡುವುದುಂಟು. ಆದರೆ ಆ ಲೋಹವು ಗಾಳಿಯ ತೇವಕ್ಕೆ ಮಂಕಾಗುವ ಜಾತಿಯದು. ಮಂಕಾದಾಗ ಮತ್ತೆ ಉಜ್ಜಬೇಕು. ಉಜ್ಜಬಲ್ಲವನಿಲ್ಲದಿದ್ದರೆ ನೂರು ಗಿನಿಯ ಯಂತ್ರವೂ ದಿವಾನಖಾನೆಯ ಅಲಂಕಾರವೇ. ಜರ್ಮನಿಯ ಲಿಲಿಯೆಂತಾಲಿನಲ್ಲಿ ಶ್ರೋಟರನಂತೆ ಹರ್ಷೆಲನ ಕನ್ನಡಿಗಳಿಂದ ವರ್ಷಾನುಗಟ್ಟಲೆ ಗ್ರಹಗಳನ್ನು ನೋಡಿ ಬರೆದವರು ವಿರಳ. ಹರ್ಷೆಲನು 1822ರಲ್ಲಿ ತೀರಿಕೊಂಡ ತರುವಾಯ ಐರ್ಲೆಂಡಿನ ರಾಸ್ ಪ್ರಭುವು ದೊಡ್ಡ ಕನ್ನಡಿಗಳನ್ನು ಮಾಡಹೊರಟಾಗ ಮೊದಲಿನಿಂದ ಎಲ್ಲವನ್ನೂ ತಾನೇ ಪ್ರಯೋಗಮಾಡಿ ಕಲಿಯಬೇಕಾಯಿತು. ಕಲಿತುದನ್ನು ಆತನು ಪ್ರಕಟಿಸಿದನು. 1845ರಲ್ಲಿ ಆರಡಿ ಅಗಲದ ಕನ್ನಡಿಯು ಆತನ ಯಂತ್ರದಲ್ಲಿ ಕೂತಿತು.

ಹರ್ಷೆಲನ ವಿದ್ಯೆಯು ನೇರವಾಗಿ ಇಳಿದದ್ದು ಮಗ ಜಾನನ ಕೈಗೆ. ತಂದೆಯ ಕಣ್ಣಮುಂದೆ ಉಜ್ಜಲು ಕಲಿತ ಈತನು 1833ರಲ್ಲಿ ದಕ್ಷಿಣದ ಆಕಾಶವನ್ನು ನೋಡಲು ಗುಡ್‌ಹೋಪ್ ಭೂಶಿರಕ್ಕೆ ಹಡಗು ಹತ್ತಿದಾಗ ಇಪ್ಪತ್ತಡಿಯ ಯಂತ್ರಕ್ಕೆ ಮೂರು ಕನ್ನಡಿಗಳನ್ನೂ ಉಜ್ಜುವ ಸಲಕರಣೆಗಳನ್ನೂ ಜೊತೆಯಲ್ಲಿಯೇ ಒಯ್ದನು. ಅಲ್ಲಿನ ಹವೆಗೆ ಕನ್ನಡಿಗಳು ಬೇಗ ಮಂಕಾಗುತ್ತಿದ್ದುವು. ಒಂದು ಯಂತ್ರದಲ್ಲಿರುವಾಗ ಮತ್ತೊಂದನ್ನು ತಾನೇ ಕೂತು ಉಜ್ಜಿ, ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಕೆಲಸ ನಡೆಸಿ, 1838ರಲ್ಲಿ ಊರಿಗೆ ಮರಳಿದನು. ಆಗ ಎಂಬತ್ತೆಂಟು ವರ್ಷದ ಸೋದರತ್ತೆ ಕ್ಯಾರೊಲೈನಳು ಹನೋವರಿನಲ್ಲಿ ಇನ್ನೂ ಬದುಕಿದ್ದಳು.