ಹಂಚಿನ ಹಿಂದೊಂದು ನದಿ ದಂಡೆ

(1/5)
ಹಳೇ ಸಾಲಿಯ ಕೆಂಪು ಹಂಚು ಯಾವಾಗರ ತಿರುವಿ ನೋಡೀರೇನು? ಅದರ ಮ್ಯಾಲೆ ಕಂಪನಿ ಹೆಸರು ಅಚ್ಚೊತ್ತಿರ್ತಾರ. ಕೆಲವದರ ಮ್ಯಾಲೆ ಬಾಸೆಲ್ ಮಿಷನ್, 1865 ಅಂತ ಇರ್ತದ. ಅದು ಹಂಚು ಸುಟ್ಟ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ! ಈ ಸಲದ ಸರಣಿ ಆ ಕಾರ್ಖಾನೆ ನಿಂತಿದ್ದ ದಂಡೆಯ ಕಥಿ.

(2/5)
1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ನೇತ್ರಾವತಿ ದಂಡೆಯಲ್ಲಿ, ಮೋರ್ಗನ್ಸ್ ಗೇಟ್ ಹತ್ತಿರ ಹಂಚಿನ ಕಾರ್ಖಾನೆ ತೆರೆದರು. ನದಿ ದಂಡೆಯೇ ಯಾಕ? ಜೇಡಿಮಣ್ಣು ಅಲ್ಲೇ ಸಿಗುತ್ತಿತ್ತು, ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಹಂಚೂ ದೋಣಿ ಹತ್ತಿ ಬಂದರಿಗೆ, ಅಲ್ಲಿಂದ ಮುಂಬೈಗೆ, ಶ್ರೀಲಂಕಾಕ್ಕೆ, ಪೂರ್ವ ಆಫ್ರಿಕಾದ ತನಕ ಹೋಗುತ್ತಿತ್ತು. 1868ರಲ್ಲಿ ಆಲ್ಬುಕರ್ಕ್ ಮನೆತನದವರೂ ಕಾರ್ಖಾನೆ ಹಾಕಿದರು. ಮುಂದೆ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು.

(3/5)
ಮೊದಲ ಮಹಾಯುದ್ಧ ಬಂತು. ಮಿಷನ್ನಿನಲ್ಲಿ ಜರ್ಮನ್ನರು ಇದ್ದರೆಂದು ಬ್ರಿಟಿಷರು ಅದರ ಕಾರ್ಖಾನೆಗಳನ್ನು ವಶಕ್ಕೆ ತಗೊಂಡರು. ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆದರೂ ಒಲೆ ಆರಲಿಲ್ಲ. ಆರಿಸಿದ್ದು ಆರ್‌ಸಿಸಿ ಛತ್ತು. ಹಂಚು ಕೇಳೋರು ಕಡಿಮೆಯಾದರು, ಮಣ್ಣು, ಕಟ್ಟಿಗೆ ತುಟ್ಟಿಯಾದವು. ಒಂದೊಂದೇ ಚಿಮಣಿಯ ಹೊಗೆ ನಿಂತಿತು.

(4/5)
ಹೊಗೆ ನಿಂತ ಮ್ಯಾಲೆ ಊರಿಗೆ ನದಿ ಚಂದ ಕಾಣಿಸಾಕ ಹತ್ತಿತು. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ನೇತ್ರಾವತಿ ರೈಲ್ವೆ ಸೇತುವೆಯಿಂದ ಬೋಳಾರದ ತನಕ ಸುಮಾರು ಎರಡು ಕಿಲೋಮೀಟರ್ ನಡಿಗೆ ದಾರಿಯ ಯೋಜನೆ ಬಂತು. ನದಿಗೆ ಮಣ್ಣು ತುಂಬಬ್ಯಾಡ್ರಿ, ಕಾಂಡ್ಲಾ ಗಿಡ ಉಳಿಸ್ರಿ ಅಂತ ಪರಿಸರದವರು ತಕರಾರು ಎತ್ತಿದರು. ಹೊಯ್ಗೆ ಬಜಾರಿನ ಕಡೆ ಮೀನುಗಾರರು ಇವತ್ತಿಗೂ ಬೋಟ್ ರಿಪೇರಿ ಮಾಡ್ತಾರ. ಅವರಿಗೆ ದಂಡೆ ಅಂದ್ರ ವಾಕಿಂಗ್ ಜಾಗ ಅಲ್ಲ, ಅನ್ನ.

(5/5)
ಮುದ್ದೇಬಿಹಾಳದಾಗ ಕುಂತು ಇದೆಲ್ಲಾ ಯಾಕ ಬೇಕು ಅಂತೀರಾ? ಮಂಗಳೂರಿನ ಎತ್ತರದ ಕಟ್ಟಡಗಳಿಗೆ ಕಾಂಕ್ರೀಟ್ ಹೊರೋರಾಗ ನಮ್ಮ ಜಿಲ್ಲೆಯವರು ಎಷ್ಟೋ ಮಂದಿ. ನಿಮ್ಮ ಓಣಿಯಾಗೂ ಒಬ್ಬರು 'ಮಂಗ್ಳೂರಿಗೆ ದುಡಿಯಾಕ' ಹೋಗಿರ್ತಾರ. ಹಂಚಿನ ಮ್ಯಾಲೆ ಕಂಪನಿ ಹೆಸರಾದ್ರೂ ಉಳೀತು, ಮಣ್ಣು ತುಳಿದವರ ಹೆಸರು ಉಳೀಲಿಲ್ಲ. ಕಾಂಕ್ರೀಟ್ ಹೊತ್ತವರದೂ ಹಂಗ ಆಗಬೇಕಾ?

ಆಲಮಟ್ಟಿ ಗಾರ್ಡನ್ನಿನಾಗ ಸೆಲ್ಫಿ ತಗೋತೀವಲ್ಲ, ಆ ನೀರಿನ ಕೆಳಗೂ ಊರು ಅದಾವ. ದಂಡೆ ಚಂದ ಆಗಲಿ, ಬ್ಯಾಡ ಅನ್ನಲ್ಲ. ಆದ್ರ ಚಂದ ಆದ ಮ್ಯಾಲೆ ಅಲ್ಲಿ ಯಾರು ಇರ್ತಾರ, ಯಾರು ಇರಲ್ಲ ಅನ್ನೋದನ್ನ ಮೊದಲೇ ಕೇಳಬೇಕು.

ನಿಮ್ಮ ಊರಾಗ ಹಳೇ ಹಂಚು ಸಿಕ್ಕರ ಅಚ್ಚಿನ ಫೋಟೋ ಹಾಕಿ ಟ್ಯಾಗ್ ಮಾಡ್ರಿ. ದುಡಿಯಾಕ ಹೋದವರು ಮನ್ಯಾಗ ಇದ್ರ, ಅವರು ಕಟ್ಟಿದ್ದು ಏನು ಅಂತ ಕೇಳಿ ಬರೀರಿ.

#ಮಂಗಳೂರುಹಂಚು #ನೇತ್ರಾವತಿ #ಮುದ್ದೇಬಿಹಾಳ