ಅಂತರದೇಶೀಯ ದತ್ತು ಮತ್ತು ಬಾಂಧವ್ಯ

ಅಂತರದೇಶೀಯ ದತ್ತಿನಲ್ಲಿ ಬಾಂಧವ್ಯ ಎಂದರೆ ಒಂದು ದೇಶದ ಅನಾಥಾಲಯದಲ್ಲಿ ಬೆಳೆದ ಮಗುವಿಗೂ ಬೇರೊಂದು ದೇಶದಿಂದ ಬಂದು ಅದನ್ನು ದತ್ತು ಪಡೆಯುವ ತಂದೆತಾಯಿಗಳಿಗೂ ನಡುವೆ ಬೆಳೆಯುವ ಭಾವನಾತ್ಮಕ ಸಂಬಂಧ. ದತ್ತು ಆದೇಶದಿಂದ ಕಾನೂನಿನ ಸಂಬಂಧ ಒಂದೇ ದಿನದಲ್ಲಿ ಏರ್ಪಡುತ್ತದೆ. ಆದರೆ ಬಾಂಧವ್ಯವು ಮಗುವಿನ ಹಸಿವು, ಭಯ, ನೋವುಗಳಿಗೆ ಅದೇ ವ್ಯಕ್ತಿಗಳು ಮತ್ತೆ ಮತ್ತೆ ಸ್ಪಂದಿಸುವುದರಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಲದಲ್ಲಿ ರೂಪುಗೊಳ್ಳುತ್ತದೆ. ಈ ಕುರಿತ ತಿಳಿವಳಿಕೆಯ ಬಹುಭಾಗವು ರೊಮೇನಿಯಾದ ಅನಾಥಾಲಯಗಳಲ್ಲಿದ್ದ ಮಕ್ಕಳ ದೀರ್ಘಕಾಲೀನ ಅಧ್ಯಯನಗಳಿಂದ ದೊರೆತಿದೆ.

ಸೈದ್ಧಾಂತಿಕ ಹಿನ್ನೆಲೆ

ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಅವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿದ್ಧಪಡಿಸಿದ ವರದಿಯಲ್ಲಿ, ಶೈಶವದಲ್ಲಿ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರ ನಿರಂತರ ಆರೈಕೆ ಮಗುವಿನ ಮಾನಸಿಕ ಆರೋಗ್ಯಕ್ಕೆ ಅಗತ್ಯವೆಂದು ಪ್ರತಿಪಾದಿಸಿದರು. ಮುಂದೆ ಇದು ಬಾಂಧವ್ಯ ಸಿದ್ಧಾಂತವಾಗಿ ಬೆಳೆಯಿತು. ಮೇರಿ ಐನ್ಸ್‌ವರ್ತ್ ಅವರು ಸುಮಾರು ಒಂದು ವರ್ಷದ ಮಕ್ಕಳನ್ನು ಕೆಲವು ನಿಮಿಷ ತಾಯಿಯಿಂದ ಅಗಲಿಸಿ, ತಾಯಿ ಮರಳಿದಾಗ ಮಗು ವರ್ತಿಸುವ ರೀತಿಯನ್ನು ಗಮನಿಸುವ ಪರೀಕ್ಷಾ ವಿಧಾನವನ್ನು ರೂಪಿಸಿದರು. ಮಗು ಅಳುತ್ತದೆಯೇ ಇಲ್ಲವೇ ಎಂಬುದಕ್ಕಿಂತ, ಮರಳಿ ಬಂದವರಿಂದ ಸಾಂತ್ವನ ಪಡೆಯಬಲ್ಲದೇ ಎಂಬುದು ಇಲ್ಲಿ ಮುಖ್ಯವಾದ ಅಂಶ.

ಅನಾಥಾಲಯದ ಪರಿಸರ

ಅನಾಥಾಲಯಗಳಲ್ಲಿ ಒಬ್ಬ ಆಯಾಳ ಪಾಲಿಗೆ ಹಲವು ಮಕ್ಕಳಿರುತ್ತಾರೆ. ಪಾಳಿ ಬದಲಾದಂತೆ ಆರೈಕೆ ಮಾಡುವವರೂ ಬದಲಾಗುತ್ತಾರೆ. ಊಟ, ಸ್ನಾನ, ನಿದ್ರೆಗಳು ಮಗುವಿನ ಅಗತ್ಯಕ್ಕೆ ಬದಲಾಗಿ ಗಡಿಯಾರಕ್ಕೆ ಅನುಗುಣವಾಗಿ ನಡೆಯುತ್ತವೆ. ಅತ್ತರೂ ಯಾರೂ ಬರುವುದಿಲ್ಲವೆಂದು ಕಲಿತ ಶಿಶು ಕ್ರಮೇಣ ಅಳುವುದನ್ನೇ ನಿಲ್ಲಿಸಬಹುದು. ಇಂತಹ ಮಗುವನ್ನು ಮೊದಲ ಬಾರಿ ನೋಡುವವರು ಅದನ್ನು ಶಾಂತ ಸ್ವಭಾವದ ಮಗುವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ.

ಇದಕ್ಕೆ ವಿರುದ್ಧವಾಗಿ ಕಾಣುವ ಇನ್ನೊಂದು ಲಕ್ಷಣವೆಂದರೆ ಅಪರಿಚಿತರೊಂದಿಗಿನ ಅತಿಯಾದ ಸಲುಗೆ. ಮಗು ಭೇಟಿಗೆ ಬಂದ ಯಾರ ತೊಡೆಯನ್ನಾದರೂ ಏರುತ್ತದೆ, ಯಾರ ಕೈ ಹಿಡಿದಾದರೂ ಹೊರಟುಬಿಡುತ್ತದೆ. ಇದನ್ನು ಬಾಂಧವ್ಯದ ಆರಂಭವೆಂದು ಭಾವಿಸುವುದು ಸಹಜವಾದರೂ, ಮಗು ಯಾರನ್ನೂ ತನ್ನವರೆಂದು ವಿಶೇಷವಾಗಿ ಗುರುತಿಸದಿರುವುದರ ಸೂಚನೆಯೂ ಅದಾಗಿರಬಹುದು. ಅಮೆರಿಕದ ಮನೋವೈದ್ಯಕೀಯ ಸಂಘದ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿಯು (2013) ಸಾಂತ್ವನವನ್ನೇ ಅರಸದ ಸ್ಥಿತಿಯನ್ನೂ ಎಗ್ಗಿಲ್ಲದ ಸಲುಗೆಯ ಸ್ಥಿತಿಯನ್ನೂ ಎರಡು ಪ್ರತ್ಯೇಕ ತೊಂದರೆಗಳಾಗಿ ವರ್ಗೀಕರಿಸಿದೆ.

ರೊಮೇನಿಯಾದ ಮಕ್ಕಳು

ರೊಮೇನಿಯಾದಲ್ಲಿ ನಿಕೊಲೆ ಚೌಷೆಸ್ಕು ಅವರ ಸರ್ಕಾರವು ಜನಸಂಖ್ಯೆಯನ್ನು ಹೆಚ್ಚಿಸುವ ಉದ್ದೇಶದಿಂದ 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಸಾಕಲಾಗದ ಕುಟುಂಬಗಳು ಮಕ್ಕಳನ್ನು ಸರ್ಕಾರಿ ಸಂಸ್ಥೆಗಳಿಗೆ ಒಪ್ಪಿಸತೊಡಗಿದವು. 1989ರ ಡಿಸೆಂಬರಿನಲ್ಲಿ ಆ ಆಡಳಿತ ಪತನವಾದಾಗ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಇಂತಹ ಸಂಸ್ಥೆಗಳಲ್ಲಿದ್ದರು. ಅವರ ದುಃಸ್ಥಿತಿಯ ದೃಶ್ಯಗಳು ದೂರದರ್ಶನದಲ್ಲಿ ಪ್ರಸಾರವಾದ ನಂತರ ಪಶ್ಚಿಮ ಯೂರೋಪ್ ಹಾಗೂ ಉತ್ತರ ಅಮೆರಿಕದ ಸಾವಿರಾರು ಕುಟುಂಬಗಳು ದತ್ತು ಪಡೆಯಲು ಮುಂದಾದವು.

ಮೈಕೆಲ್ ರಟ್ಟರ್ ಮತ್ತು ಸಹೋದ್ಯೋಗಿಗಳು ರೊಮೇನಿಯಾದಿಂದ ಬ್ರಿಟನ್ನಿಗೆ ಬಂದ 165 ದತ್ತು ಮಕ್ಕಳನ್ನು, ಬ್ರಿಟನ್ನಿನೊಳಗೇ ಆರು ತಿಂಗಳಿಗೆ ಮೊದಲು ದತ್ತು ಹೋದ 52 ಮಕ್ಕಳೊಂದಿಗೆ ಹೋಲಿಸಿ ದೀರ್ಘಕಾಲ ಅಧ್ಯಯನ ಮಾಡಿದರು. ಸಂಸ್ಥೆಯಲ್ಲಿ ಆರು ತಿಂಗಳಿಗಿಂತ ಕಡಿಮೆ ಕಾಲ ಇದ್ದವರು ಬಹುಪಾಲು ಇತರ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ಎಗ್ಗಿಲ್ಲದ ಸಲುಗೆ, ಗಮನದ ಕೊರತೆ ಮುಂತಾದ ತೊಂದರೆಗಳು ಹೆಚ್ಚಾಗಿ ಕಂಡುಬಂದು, ಹಲವರಲ್ಲಿ ಪ್ರಾಯದವರೆಗೂ ಮುಂದುವರಿದವು. ಆದರೂ ಈ ಗುಂಪಿನ ಸುಮಾರು ಐದನೇ ಒಂದರಷ್ಟು ಮಂದಿ ಯಾವ ಹಂತದಲ್ಲೂ ಗಂಭೀರ ತೊಂದರೆಗೆ ಒಳಗಾಗಲಿಲ್ಲ.

ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಅವರು ರಾಜಧಾನಿ ಬುಕಾರೆಸ್ಟಿನ ಸಂಸ್ಥೆಗಳಲ್ಲಿದ್ದ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತುವ ಮಾದರಿಯಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಕಳುಹಿಸಿದರು. ಕುಟುಂಬ ಸೇರಿದ ಮಕ್ಕಳಲ್ಲಿ ಸುರಕ್ಷಿತ ಬಾಂಧವ್ಯ ಗಣನೀಯವಾಗಿ ಹೆಚ್ಚಿತ್ತು. ಸುಮಾರು ಎರಡು ವರ್ಷ ತುಂಬುವ ಮೊದಲೇ ಸೇರಿದವರಲ್ಲಿ ಫಲಿತಾಂಶ ಇನ್ನೂ ಉತ್ತಮವಾಗಿತ್ತು. ಉಳಿದರ್ಧ ಮಕ್ಕಳನ್ನು ಕುಟುಂಬಕ್ಕೆ ಕಳುಹಿಸದಿರುವುದು ನ್ಯಾಯವೇ ಎಂಬ ನೈತಿಕ ಪ್ರಶ್ನೆಯೂ ಚರ್ಚೆಗೆ ಒಳಗಾಯಿತು.

ದತ್ತು ಪೂರ್ವದ ಭೇಟಿ

ಮಗು ಮತ್ತು ಭಾವಿ ಪೋಷಕರು ಒಟ್ಟಿಗೆ ಕಳೆಯಬೇಕಾದ ಅವಧಿ ದೇಶದಿಂದ ದೇಶಕ್ಕೆ ಭಿನ್ನವಾಗಿದೆ. ಹೈಟಿಯಲ್ಲಿ ಪೋಷಕರು ಸುಮಾರು ಎರಡು ವಾರ ದೇಶದಲ್ಲಿದ್ದು ಮಗುವಿನೊಂದಿಗೆ ಒಡನಾಡಬೇಕು. ಕೊಲಂಬಿಯಾದಲ್ಲಿ ಮಗುವನ್ನು ಕುಟುಂಬದ ವಶಕ್ಕೆ ಒಪ್ಪಿಸಿದ ನಂತರ, ನ್ಯಾಯಾಲಯದ ಆದೇಶ ಬರುವವರೆಗೆ ಕುಟುಂಬವು ಅಲ್ಲಿಯೇ ಕೆಲವು ವಾರ ನೆಲೆಸುತ್ತದೆ. ರಷ್ಯಾದಲ್ಲಿ ಪೋಷಕರು ಅನಾಥಾಲಯದಲ್ಲಿ ಮಗುವನ್ನು ಭೇಟಿಯಾಗಿ ತಮ್ಮ ದೇಶಕ್ಕೆ ಹಿಂದಿರುಗಿ, ವಾರಗಳು ಅಥವಾ ತಿಂಗಳುಗಳ ನಂತರ ನ್ಯಾಯಾಲಯದ ವಿಚಾರಣೆಗೆ ಮತ್ತೆ ಬರಬೇಕಾಗುತ್ತಿತ್ತು.

ಈ ನಡುವಣ ಅಗಲಿಕೆಯು ಆಗತಾನೆ ಚಿಗುರಿದ ಪರಿಚಯಕ್ಕೆ ಅಡ್ಡಿಯಾಗಬಲ್ಲದು. ಹೀಗಾಗಿ ಭಾವಚಿತ್ರ, ಧ್ವನಿಮುದ್ರಣ ಅಥವಾ ಪೋಷಕರ ಮೈವಾಸನೆಯಿರುವ ಬಟ್ಟೆಯನ್ನು ಮಗುವಿನ ಬಳಿ ಬಿಟ್ಟುಬರುವ ರೂಢಿಯಿದೆ. ಕೆಲವೊಮ್ಮೆ ಅಗಲಿಕೆ ಶಾಶ್ವತವಾಗಿದೆ. 2013ರ ಜನವರಿ 1ರಿಂದ ರಷ್ಯಾ ತನ್ನ ಮಕ್ಕಳನ್ನು ಅಮೆರಿಕದವರು ದತ್ತು ಪಡೆಯುವುದನ್ನು ನಿಷೇಧಿಸಿದಾಗ, ಭಾವಿ ಪೋಷಕರನ್ನು ಅದಾಗಲೇ ಭೇಟಿಯಾಗಿದ್ದ ಮಕ್ಕಳೂ ಅನಾಥಾಲಯಗಳಲ್ಲೇ ಉಳಿದರು.

ಮನೆಗೆ ಬಂದ ನಂತರ

ಮಗುವಿನ ಪಾಲಿಗೆ ದತ್ತು ಒಂದು ಅಗಲಿಕೆಯೂ ಹೌದು. ಪರಿಚಿತ ಆಯಾ, ಜೊತೆಗಾರರು, ಆಹಾರ, ವಾಸನೆ, ಮಾತು ಎಲ್ಲವೂ ಒಮ್ಮೆಲೇ ಕಣ್ಮರೆಯಾಗುತ್ತವೆ. ನಿದ್ರಾಭಂಗ, ಆಹಾರವನ್ನು ಬಚ್ಚಿಡುವುದು, ಇಬ್ಬರು ಪೋಷಕರಲ್ಲಿ ಒಬ್ಬರನ್ನು ಮಾತ್ರ ಒಪ್ಪಿಕೊಳ್ಳುವುದು ಆರಂಭದಲ್ಲಿ ಕಂಡುಬರಬಹುದು. ಈ ಅವಧಿಗೆ ಸಾಮಾನ್ಯವಾಗಿ ನೀಡಲಾಗುವ ಸಲಹೆಗಳು ಹೀಗಿವೆ:

- ಮೊದಲ ಕೆಲವು ವಾರಗಳು ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು ಮತ್ತು ಸಂತೈಸುವುದನ್ನು ಪೋಷಕರೇ ಮಾಡುವುದು; ಬಂಧುಗಳು ಮಗುವನ್ನು ಎತ್ತಿಕೊಳ್ಳುವುದನ್ನು ಮುಂದೂಡುವುದು.
- ಅತಿಥಿಗಳನ್ನೂ ಪ್ರಯಾಣವನ್ನೂ ಕಡಿಮೆ ಮಾಡಿ ದಿನಚರಿಯನ್ನು ಸ್ಥಿರವಾಗಿಡುವುದು.
- ಮಗುವಿಗೆ ರೂಢಿಯಾದ ಆಹಾರ ಮತ್ತು ಹೊದಿಕೆಯನ್ನು ಕೆಲಕಾಲ ಮುಂದುವರಿಸುವುದು.
- ರಾತ್ರಿ ಮಗುವಿಗೆ ಕಾಣುವಷ್ಟು ಅಥವಾ ಕೇಳುವಷ್ಟು ಹತ್ತಿರ ಮಲಗುವುದು.
- ಸ್ಪರ್ಶವನ್ನು ಬಲವಂತ ಮಾಡದೆ, ಮಗು ಸಹಿಸುವಷ್ಟರಿಂದ ಆರಂಭಿಸುವುದು.

ಭಾವನೆ ತಡವಾಗಿ ಮೂಡುವುದು ಮಗುವಿನಲ್ಲಿ ಮಾತ್ರವಲ್ಲ. ದತ್ತಿನ ನಂತರ ಕೆಲವು ಪೋಷಕರಲ್ಲಿಯೂ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಮಗುವಿನ ಮೇಲೆ ಪ್ರೀತಿ ಕೂಡಲೇ ಹುಟ್ಟದಿರುವುದನ್ನು ತಮ್ಮ ದೋಷವೆಂದು ಭಾವಿಸಿ ಅವರು ನೆರವು ಕೇಳಲು ಹಿಂಜರಿಯಬಹುದು.

ಅಪಾಯಕಾರಿ ವಿಧಾನಗಳು

ಬಾಂಧವ್ಯ ಮೂಡಿಸುವುದಾಗಿ ಹೇಳಿಕೊಂಡು ಮಗುವನ್ನು ಬಲವಂತವಾಗಿ ಹಿಡಿದಿಡುವ ಅಥವಾ ಹೊದಿಕೆಯಲ್ಲಿ ಸುತ್ತಿ ಒತ್ತುವ ‘ಚಿಕಿತ್ಸೆ’ಗಳು ಅಮೆರಿಕದಲ್ಲಿ ಬಳಕೆಯಲ್ಲಿದ್ದವು. 2000ದಲ್ಲಿ ಕೊಲರಾಡೊ ರಾಜ್ಯದಲ್ಲಿ ಹತ್ತು ವರ್ಷದ ದತ್ತು ಬಾಲಕಿಯೊಬ್ಬಳು ‘ಮರುಹುಟ್ಟು’ ಎಂಬ ಇಂತಹ ಪ್ರಯೋಗದಲ್ಲಿ ಉಸಿರುಗಟ್ಟಿ ಮೃತಪಟ್ಟಳು. ಮರುವರ್ಷ ಆ ರಾಜ್ಯವು ಅದನ್ನು ನಿಷೇಧಿಸಿತು. ಇಂತಹ ವಿಧಾನಗಳಿಗೆ ವೈಜ್ಞಾನಿಕ ಆಧಾರವಿಲ್ಲ.

ಭಾಷೆ

ಹೊಸ ದೇಶಕ್ಕೆ ಬಂದ ಮಗು ಮೊದಲ ಭಾಷೆಯನ್ನು ಬಹುಬೇಗ ಮರೆಯುತ್ತದೆ. ಆದರೂ ಶೈಶವದಲ್ಲೇ ಚೀನಾದಿಂದ ದತ್ತು ಬಂದು ಫ್ರೆಂಚ್ ಭಾಷೆಯಲ್ಲಿ ಬೆಳೆದ ಕೆನಡಾದ ಬಾಲಕಿಯರ ಮೆದುಳು, ಚೀನೀ ಭಾಷೆಯ ಸ್ವರಗಳಿಗೆ ಆ ಭಾಷೆ ಬಲ್ಲವರ ಮೆದುಳಿನಂತೆಯೇ ಪ್ರತಿಕ್ರಿಯಿಸಿದ್ದನ್ನು 2014ರ ಅಧ್ಯಯನವೊಂದು ದಾಖಲಿಸಿದೆ. ಪೋಷಕರು ಮಗುವಿನ ಭಾಷೆಯ ಕೆಲವು ಪದಗಳನ್ನಾದರೂ (ಹಸಿವು, ನೀರು, ನೋವು, ಇಲ್ಲಿದ್ದೇನೆ) ಮೊದಲೇ ಕಲಿತಿರುವುದು ಆರಂಭದ ದಿನಗಳಲ್ಲಿ ಉಪಯುಕ್ತ.

ಕಾನೂನು

1993ರ ಹೇಗ್ ಒಪ್ಪಂದದ ಪ್ರಕಾರ ಮಗುವಿಗೆ ಸ್ವದೇಶದಲ್ಲಿ ಸೂಕ್ತ ಕುಟುಂಬ ದೊರೆಯದಿದ್ದಾಗ ಮಾತ್ರ ಅಂತರದೇಶೀಯ ದತ್ತನ್ನು ಪರಿಗಣಿಸಬೇಕು. ಮಕ್ಕಳ ಮಾರಾಟವನ್ನು ತಡೆಯುವುದು ಇದರ ಉದ್ದೇಶಗಳಲ್ಲೊಂದು. ಆದರೆ ಹಲವು ಹಂತಗಳ ಪರಿಶೀಲನೆಗೆ ತಗಲುವ ಕಾಲವನ್ನು ಮಗು ಸಂಸ್ಥೆಯಲ್ಲೇ ಕಳೆಯುತ್ತದೆ. ರಕ್ಷಣೆ ಮತ್ತು ತ್ವರಿತತೆಯ ನಡುವಿನ ಈ ಬಿಕ್ಕಟ್ಟು ಇನ್ನೂ ಬಗೆಹರಿದಿಲ್ಲ. ರೊಮೇನಿಯಾ 2001ರಲ್ಲಿ ಅಂತರದೇಶೀಯ ದತ್ತನ್ನು ಸ್ಥಗಿತಗೊಳಿಸಿ, 2005ರಿಂದ ಕಾನೂನಿನ ಮೂಲಕ ಬಹುತೇಕ ನಿಲ್ಲಿಸಿತು.

ಭಾರತದಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಮಾರ್ಗಸೂಚಿಗಳನ್ನು ನೀಡಿತು. ದೇಶವು 2003ರಲ್ಲಿ ಹೇಗ್ ಒಪ್ಪಂದವನ್ನು ಅನುಮೋದಿಸಿತು. ಕರ್ನಾಟಕವೂ ಸೇರಿದಂತೆ ಎಲ್ಲ ರಾಜ್ಯಗಳಿಂದ ನಡೆಯುವ ಅಂತರದೇಶೀಯ ದತ್ತುಗಳನ್ನು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ (ಕಾರಾ) ನಿಯಂತ್ರಿಸುತ್ತದೆ. ಪ್ರಾಧಿಕಾರದ ಆಕ್ಷೇಪಣೆರಹಿತ ಪತ್ರ ದೊರೆತ ಬಳಿಕ, ಅಂತಿಮ ಆದೇಶ ಬರುವವರೆಗೆ ಭಾವಿ ಪೋಷಕರು ಭಾರತದೊಳಗೆ ಮಗುವನ್ನು ತಮ್ಮೊಂದಿಗೆ ಇರಿಸಿಕೊಳ್ಳಲು ಅವಕಾಶವಿದೆ. ಮಗು ವಿದೇಶ ತಲುಪಿದ ನಂತರ ಎರಡು ವರ್ಷಗಳ ಕಾಲ ಅದರ ಹೊಂದಾಣಿಕೆಯ ಕುರಿತು ವರದಿ ಸಲ್ಲಿಸಬೇಕಾಗುತ್ತದೆ.

ಇವನ್ನೂ ನೋಡಿ

- ದತ್ತು ಸ್ವೀಕಾರ
- ಬಾಂಧವ್ಯ ಸಿದ್ಧಾಂತ
- ಅನಾಥಾಲಯ
- ಬಾಲನ್ಯಾಯ ಕಾಯ್ದೆ, 2015